ಸಾವಿರಕ್ಕೆ ಎಂಟು

1679ರ ಏಪ್ರಿಲ್ ತಿಂಗಳಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿಯೊಬ್ಬ ಲಂಡನ್ನಿನ ರಾಯಲ್ ಸೊಸೈಟಿಗೆ ಒಂದು ಪತ್ರ ಬರೆದ. ಹೆಸರು ಆಂಟೊನಿ ವಾನ್ ಲೇವೆನ್‌ಹುಕ್. ತಾನೇ ಉಜ್ಜಿ ಮಾಡಿಕೊಂಡ ಮಸೂರದಲ್ಲಿ ಕಾಡ್ ಮೀನಿನ ವೀರ್ಯವನ್ನು ನೋಡಿ, ಅದರೊಳಗೆ ಮಿಡುಕಾಡುವ ಜೀವಿಗಳನ್ನು ಕಂಡು ಬೆರಗಾದವನು. ಒಂದು ಮೀನಿನೊಳಗೆ ಅಂಥವು ಹದಿನೈದು ಸಾವಿರ ಕೋಟಿ ಇವೆ ಎಂದು ಲೆಕ್ಕ ಹಾಕಿದ. ಆ ಸಂಖ್ಯೆ ಎಷ್ಟು ದೊಡ್ಡದೆಂದು ಓದುವವರಿಗೆ ತಿಳಿಸಬೇಕಲ್ಲ, ಅದಕ್ಕೆ ಭೂಮಿಯ ಮೇಲಿನ ಮನುಷ್ಯರನ್ನು ಪಕ್ಕದಲ್ಲಿ ನಿಲ್ಲಿಸಲು ಹೊರಟ. ಆದರೆ ಭೂಮಿಯ ಮೇಲೆ ಎಷ್ಟು ಜನರಿದ್ದಾರೆಂದು ಯಾರಿಗೆ ಗೊತ್ತಿತ್ತು? ಅವನಿಗೆ ಗೊತ್ತಿದ್ದದ್ದು ತನ್ನ ಹಾಲೆಂಡ್ ಪ್ರಾಂತ್ಯ. ಅಲ್ಲಿ ಹತ್ತು ಲಕ್ಷ ಜನ. ಮನುಷ್ಯರು ನೆಲೆಸಬಹುದಾದ ಭೂಮಿ ಹಾಲೆಂಡಿನ 13,385 ಪಟ್ಟು. ಎಲ್ಲ ಕಡೆಯೂ ಹಾಲೆಂಡಿನಷ್ಟೇ ಒತ್ತಾಗಿ ಜನ ತುಂಬಿದರೆ 1,338 ಕೋಟಿ ಚಿಲ್ಲರೆ. ಮೀನೇ ಗೆದ್ದಿತು, ಹತ್ತು ಪಟ್ಟಿಗೂ ಹೆಚ್ಚಿನ ಅಂತರದಿಂದ.

ತನ್ನ ನಾಡನ್ನು ಅಳತೆಗೋಲು ಮಾಡಿಕೊಂಡು ಲೋಕವನ್ನು ಅಳೆಯುವ ಈ ಧೈರ್ಯ ನನಗೆ ಇಷ್ಟ. ತಪ್ಪಿನ ಬಗ್ಗೆ ಅವನಿಗೂ ಅರಿವಿತ್ತು. ಭೂಮಿಯೆಲ್ಲ ಹಾಲೆಂಡಿನಂತಿಲ್ಲವೆಂದು ಬಲ್ಲವನು. ಅವನ ಲೆಕ್ಕವನ್ನೇ ನಮ್ಮ ನಾಡಿಗೆ ಹಾಕಿ ನೋಡಬಹುದು. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಚದರ ಕಿಲೋಮೀಟರಿಗೆ 319 ಜನ. ಅಂಟಾರ್ಕ್ಟಿಕಾ ಬಿಟ್ಟು ಉಳಿದ ನೆಲವೆಲ್ಲ ಇಷ್ಟೇ ಒತ್ತಾಗಿ ತುಂಬಿದ್ದರೆ ಲೋಕದಲ್ಲಿ 4,000 ಕೋಟಿಗೂ ಹೆಚ್ಚು ಜನ ಇರಬೇಕಿತ್ತು. ಇರುವವರು ಅದರ ಐದರಲ್ಲೊಂದು ಪಾಲು. ಭೂಮಿಯ ನೆಲದಲ್ಲಿ ಸಾವಿರಕ್ಕೆ ಒಂದೂಕಾಲು ಪಾಲು ಮಾತ್ರ ನಮ್ಮದು. ಜನರಲ್ಲಿ ನಮ್ಮ ಪಾಲು ಸಾವಿರಕ್ಕೆ ಎಂಟು.

ಈ ಎಂಟರ ಬಗ್ಗೆಯೇ ಸ್ವಲ್ಪ ಯೋಚಿಸಬೇಕಾಗಿದೆ. ಇಂದಿನ ಕರ್ನಾಟಕದ ಎಲ್ಲೆಯೊಳಗೆ 1901ರಲ್ಲಿ ಇದ್ದವರು ಸುಮಾರು 1 ಕೋಟಿ 30 ಲಕ್ಷ. ಆಗ ಪ್ರಪಂಚದಲ್ಲಿ 160ರಿಂದ 165 ಕೋಟಿ ಜನರಿದ್ದರೆಂದು ಅಂದಾಜು. ಭಾಗಿಸಿದರೆ ಸಾವಿರಕ್ಕೆ ಎಂಟು. 1951ರಲ್ಲಿ ನಾವು 1 ಕೋಟಿ 94 ಲಕ್ಷ, ಲೋಕ 250 ಕೋಟಿ ದಾಟಿತ್ತು. ಸಾವಿರಕ್ಕೆ ಏಳೂವರೆ ಚಿಲ್ಲರೆ. 1991ರಲ್ಲಿ 4 ಕೋಟಿ 50 ಲಕ್ಷದ ಹತ್ತಿರ, ಮತ್ತೆ ಎಂಟು ದಾಟಿತು. 2011ರಲ್ಲಿ 6 ಕೋಟಿ 11 ಲಕ್ಷ, ಲೋಕದಲ್ಲಿ 700 ಕೋಟಿ, ಎಂಟೂವರೆ ಚಿಲ್ಲರೆ. ನೂರಹತ್ತು ವರ್ಷಗಳಲ್ಲಿ ಎರಡು ಮಹಾಯುದ್ಧಗಳಾದವು, ಸಾಮ್ರಾಜ್ಯಗಳು ಬಿದ್ದವು, ಪೆನಿಸಿಲಿನ್ ಬಂತು, ಹಸಿರು ಕ್ರಾಂತಿ ಬಂತು, ಮನುಷ್ಯಕುಲ ನಾಲ್ಕು ಪಟ್ಟಿಗೂ ಹೆಚ್ಚು ಬೆಳೆಯಿತು. ನಮ್ಮ ಪಾಲು ಮಾತ್ರ ಏಳು ಮತ್ತು ಒಂಬತ್ತರ ನಡುವೆಯೇ ಆಡಿಕೊಂಡಿದೆ. ಸಂತೆಯ ಗದ್ದಲದ ನಡುವೆ ಒಂದೇ ಜಾಗದಲ್ಲಿ ಕುಳಿತ ವ್ಯಾಪಾರಿಯ ಹಾಗೆ.

ಈ ಸ್ಥಿರತೆಯನ್ನು ನೋಡಿದಾಗ ಮೊದಲು ಹುಟ್ಟುವುದು ಒಂದು ಬಗೆಯ ಸಮಾಧಾನ. ಲೋಕಕ್ಕೆ ಏನಾಯಿತೋ ನಮಗೂ ಅದೇ ಆಯಿತು, ಲೋಕ ಬೆಳೆದಂತೆ ನಾವೂ ಬೆಳೆದೆವು, ನಾವು ಲೋಕದ ಒಂದು ಚಿಕ್ಕ ಮಾದರಿ ಎಂಬ ಭಾವ. ಪಿಂಡಾಂಡದಲ್ಲಿ ಇರುವುದೇ ಬ್ರಹ್ಮಾಂಡದಲ್ಲೂ ಎಂಬ ಮಾತಿಗೆ ಒಗ್ಗಿಹೋದ ಮನಸ್ಸಿಗೆ ಇದು ಸುಲಭವಾಗಿ ಹಿಡಿಸುತ್ತದೆ. ಆದರೆ ಈ ಎಂಟನ್ನು ಬಿಡಿಸಿ ನೋಡುತ್ತ ಹೋದರೆ ಸಮಾಧಾನ ಉಳಿಯುವುದಿಲ್ಲ.

ಮೊದಲ ತೊಡಕು ನಮ್ಮ ಬದಿಯಲ್ಲೇ ಇದೆ. 1901ರಲ್ಲಿ ಕರ್ನಾಟಕ ಎಂಬ ರಾಜ್ಯ ಇರಲಿಲ್ಲ. ಮೈಸೂರು ಸಂಸ್ಥಾನವಿತ್ತು, ಕೊಡಗು ಇತ್ತು. ಧಾರವಾಡ, ವಿಜಾಪುರ, ಬೆಳಗಾವಿ, ಕಾರವಾರಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ ಮತ್ತು ಮಂಗಳೂರು ಮದರಾಸಿನ ಕೆಳಗೆ. ಕಲಬುರ್ಗಿ, ರಾಯಚೂರು, ಬೀದರ್ ನಿಜಾಮನ ಕೆಳಗೆ. ಸಂಡೂರು, ಜಮಖಂಡಿ, ಮುಧೋಳದಂಥ ಪುಟ್ಟ ಸಂಸ್ಥಾನಗಳು ಬೇರೆ. 1956ರಲ್ಲಿ ಇವೆಲ್ಲ ಒಂದಾದ ಮೇಲೆ ಗಣತಿ ಇಲಾಖೆ ಹಿಂದಿನ ಪುಸ್ತಕಗಳನ್ನು ತೆಗೆದು, ಜಿಲ್ಲೆ ಜಿಲ್ಲೆಯ ಲೆಕ್ಕ ಕೂಡಿಸಿ, 1901ರ ಕರ್ನಾಟಕವನ್ನು ಕಟ್ಟಿತು. ತಾವು ಒಂದೇ ಮೊತ್ತದೊಳಗೆ ಸೇರುತ್ತೇವೆಂದು ಆ 1 ಕೋಟಿ 30 ಲಕ್ಷ ಜನರಲ್ಲಿ ಬಹುಪಾಲಿಗೆ ತಿಳಿದಿರಲಿಲ್ಲ. ಕಾಸರಗೋಡಿನವರು ಹೊರಗುಳಿದರು. ಇನ್ನೊಂದು ಕಡೆ, 2011ರಲ್ಲಿ ಈ ಎಲ್ಲೆಯೊಳಗೆ ಇದ್ದವರಲ್ಲಿ ಕನ್ನಡವನ್ನು ಮಾತೃಭಾಷೆ ಎಂದು ಬರೆಸಿದವರು ಮೂರರಲ್ಲಿ ಎರಡು ಪಾಲು. ಸಾವಿರಕ್ಕೆ ಎಂಟು ಎಂಬುದು ನೆಲದ ಲೆಕ್ಕ. ನುಡಿಯ ಲೆಕ್ಕ ಹಾಕಿದರೆ ಅದು ಬೇರೆಯೇ ಆಗುತ್ತದೆ.

ಎರಡನೆಯ ತೊಡಕು ದೊಡ್ಡದು. ಶಾಲೆಯಲ್ಲಿ ಭಿನ್ನರಾಶಿ ಕಲಿಸುವಾಗ ಮೇಲಿನದು ಅಂಶ, ಕೆಳಗಿನದು ಛೇದ ಎನ್ನುತ್ತಾರೆ. ಇಲ್ಲಿ ಅಂಶವನ್ನು ಯಾರೋ ಹೋಗಿ ಬಾಗಿಲು ತಟ್ಟಿ ಎಣಿಸಿದ್ದಾರೆ. ಛೇದವನ್ನು ಯಾರೂ ಎಣಿಸಿಲ್ಲ. ಪ್ರಪಂಚದ ಜನಗಣತಿ ಎಂಬುದು ಇದುವರೆಗೆ ಒಂದು ಸಲವೂ ನಡೆದಿಲ್ಲ. ಬೊಲೋನ್ಯಾದ ಪಾದ್ರಿ, ಖಗೋಳಜ್ಞ ರಿಚ್ಚೋಲಿ 1661ರಲ್ಲಿ ಲೋಕದಲ್ಲಿ 100 ಕೋಟಿ ಜನ ಎಂದ; ಅದರಲ್ಲಿ 10 ಕೋಟಿಯನ್ನು ಯೂರೋಪಿನವರು ಆಗಿನ್ನೂ ಸರಿಯಾಗಿ ಕಾಣದಿದ್ದ ದಕ್ಷಿಣ ಸಾಗರದ ನೆಲಗಳಿಗೆ ಹಂಚಿದ. ಆ ಕಾಲಕ್ಕೆ ಈಗಿನವರು ಹಾಕುವ ಅಂದಾಜು ಅವನದರ ಅರ್ಧದಷ್ಟು. ಎರಡು ಸಾವಿರ ವರ್ಷ ಹಿಂದಕ್ಕೆ ಹೋದರೆ ಸ್ಥಿತಿ ಇನ್ನೂ ವಿಚಿತ್ರ. ಅರ್ಥಶಾಸ್ತ್ರಜ್ಞ ಆಂಗಸ್ ಮ್ಯಾಡಿಸನ್ ಪ್ರಕಾರ ಕ್ರಿಸ್ತಶಕದ ಆರಂಭದಲ್ಲಿ ಭಾರತ ಉಪಖಂಡದಲ್ಲಿ 7.5 ಕೋಟಿ ಜನ, ಅಂದರೆ ಮನುಷ್ಯಕುಲದ ಮೂರರಲ್ಲೊಂದು ಪಾಲು. ಜನಸಂಖ್ಯೆಯ ಇತಿಹಾಸ ಬರೆದ ಮೆಕೆವೆಡಿ ಮತ್ತು ಜೋನ್ಸ್ ಪ್ರಕಾರ 3.4 ಕೋಟಿ, ಐದರಲ್ಲೊಂದು ಪಾಲು. ಮನೆಮನೆಯ ಲೆಕ್ಕ ಇಡಬೇಕಾದ ಗೋಪನೆಂಬ ಅಧಿಕಾರಿ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದ್ದಾನೆ. ಅವನ ಕಡತ ಒಂದೂ ಉಳಿದಿಲ್ಲ. ಹಾಗಾಗಿ ವಿದ್ವಾಂಸರು ಉಳುಮೆಯ ನೆಲ, ಬೆಳೆಯ ಇಳುವರಿ, ಸೈನ್ಯದ ಗಾತ್ರ ಇವುಗಳಿಂದ ಹಿಂದಕ್ಕೆ ನಡೆಯುತ್ತಾರೆ. ನಮ್ಮ ಪೂರ್ವಿಕರು ಲೋಕದ ಮೂರರಲ್ಲೊಂದೋ ಐದರಲ್ಲೊಂದೋ ಎಂಬುದು ನೀವು ಯಾವ ಪುಸ್ತಕ ತೆರೆದಿರಿ ಎಂಬುದರ ಮೇಲೆ ನಿಂತಿದೆ.

ಹಳೆಯ ಕಾಲದ ಮಾತು ಬಿಡಿ ಎನ್ನಬಹುದು. 1953ರಲ್ಲಿ ಚೀನಾ ತನ್ನ ಮೊದಲ ಆಧುನಿಕ ಗಣತಿ ನಡೆಸಿತು. ಅದಕ್ಕೆ ಮುಂಚೆ ಹೊರಗಿನವರು ಆ ದೇಶಕ್ಕೆ 46 ಕೋಟಿಯ ಆಸುಪಾಸಿನ ಸಂಖ್ಯೆ ಹಿಡಿದಿದ್ದರು. ಎಣಿಸಿ ನೋಡಿದಾಗ 58 ಕೋಟಿ. ಒಂದು ಮಗುವೂ ಹೊಸದಾಗಿ ಹುಟ್ಟದೆ ಮನುಷ್ಯಕುಲ ಹನ್ನೆರಡು ಕೋಟಿ ಬೆಳೆಯಿತು, ಕಾಗದದ ಮೇಲೆ. ಅದೇ ಕ್ಷಣ ಮೈಸೂರಿನವರ, ಮಂಗಳೂರಿನವರ, ರಾಯಚೂರಿನವರ ಪಾಲೂ ಒಂದಿಷ್ಟು ಕುಗ್ಗಿತು. ಇಲ್ಲಿ ಯಾರೂ ಸತ್ತಿರಲಿಲ್ಲ, ಊರು ಬಿಟ್ಟಿರಲಿಲ್ಲ. ಈಗಲೂ ಅಫ್ಘಾನಿಸ್ತಾನದ ಕೊನೆಯ ಗಣತಿ 1979ರದು, ಲೆಬನಾನಿನದು 1932ರದು, ನೈಜೀರಿಯದ್ದು 2006ರದು. ಇವನ್ನೆಲ್ಲ ಕೂಡಿಸಿದ ಮೇಲೆ ಬರುವ ಲೋಕದ ಮೊತ್ತದಲ್ಲಿ ನೂರಕ್ಕೆ ಒಂದೆರಡು ಹೆಚ್ಚುಕಡಿಮೆ ಇರಬಹುದೆಂದು ಬಲ್ಲವರೇ ಒಪ್ಪುತ್ತಾರೆ. 800 ಕೋಟಿಯಲ್ಲಿ ನೂರಕ್ಕೆ ಒಂದು ಎಂದರೆ 8 ಕೋಟಿ.

ಇಲ್ಲಿ ತುಸು ನಿಲ್ಲಬೇಕು. ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಇರುವ ಎಲ್ಲರನ್ನೂ ಕೂಡಿಸಿದರೆ ಇಂದಿನ ಅಂದಾಜು 6 ಕೋಟಿ 80 ಲಕ್ಷದ ಆಸುಪಾಸು. ಕರ್ನಾಟಕ ಪೂರ್ತಿಯಾಗಿ ಲೋಕದ ಲೆಕ್ಕದ ತಪ್ಪಿನೊಳಗೆ ಅಡಗಿಹೋಗುತ್ತದೆ. ನಾವೆಲ್ಲ ಇದ್ದರೂ, ಇಲ್ಲದಿದ್ದರೂ ಲೋಕದ ಜನಸಂಖ್ಯೆ ಸುಮಾರು 800 ಕೋಟಿ ಎಂಬ ವಾಕ್ಯ ಸುಳ್ಳಾಗುವುದಿಲ್ಲ. ಇದು ನಮಗಷ್ಟೇ ಬಂದ ಅವಮಾನವಲ್ಲ. ಲೇವೆನ್‌ಹುಕ್‌ನ ಹಾಲೆಂಡ್ ಅಂತೂ ಆ ತಪ್ಪಿನ ಒಂದು ಮೂಲೆಯಲ್ಲಿ ಕಳೆದುಹೋಗುತ್ತದೆ. ಸುಮಾರು ಎಂಬ ಪದದೊಳಗೆ ಎಷ್ಟು ನಾಡುಗಳು ಹಿಡಿಯುತ್ತವೆ ಎಂದು ಯೋಚಿಸಿದಾಗ ಆ ಪದವನ್ನು ಬಳಸಲು ಕೈ ಹಿಂಜರಿಯುತ್ತದೆ. ಆದರೂ ಬಳಸದೆ ಗತಿಯಿಲ್ಲ. ಈ ಬರಹದಲ್ಲೇ ಎಷ್ಟು ಸಲ ಬಂದಿದೆಯೋ.

ಬಾಗಿಲು ತಟ್ಟಿ ಎಣಿಸಿದ ಅಂಶದ ಗತಿಯಾದರೂ ಗಟ್ಟಿಯೇ? ನಮ್ಮಲ್ಲಿ ಎಣಿಕೆಯ ಬಗ್ಗೆ ಒಂದು ಹಳೆಯ ಅಳುಕಿದೆ. ಕಣದಲ್ಲಿ ರಾಗಿಯನ್ನು ಅಳೆಯುವವನು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾನೆ. ಮನೆಯ ಮಕ್ಕಳನ್ನು ಬೆರಳಿಟ್ಟು ಎಣಿಸಿದರೆ ಅಜ್ಜಿಯರು ಗದರಿಸುತ್ತಿದ್ದರು, ದೃಷ್ಟಿಯಾಗುತ್ತದೆಂದು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರ ಮುಂದೆ ಗಣತಿಯ ಮೇಷ್ಟ್ರು ಪುಸ್ತಕ ಹಿಡಿದು ನಿಂತ ಕಾಲವೂ ಇತ್ತು. ಪಕ್ಕದ ಮನೆಯವರೋ ಮಗನೋ ಬಂದು ಹೇಳಬೇಕಿತ್ತು. ಹುಟ್ಟಿದ ವರ್ಷವನ್ನು ದೊಡ್ಡ ಮಳೆ ಬಂದ ವರ್ಷ, ಕೆರೆ ಒಡೆದ ವರ್ಷ ಎಂದು ಹೇಳಿದರೆ ಅದನ್ನು ಇಸವಿಗೆ ತಿರುಗಿಸುವುದು ಮೇಷ್ಟ್ರ ಕೆಲಸ. 2011ರಲ್ಲಿ ದೇಶದಾದ್ಯಂತ ಸುಮಾರು 27 ಲಕ್ಷ ಸಿಬ್ಬಂದಿ ಈ ಕೆಲಸಕ್ಕೆ ಇಳಿದರು. ಮನೆಯಿಲ್ಲದವರನ್ನು ಫೆಬ್ರವರಿ 28ರ ರಾತ್ರಿ ಬಸ್ ನಿಲ್ದಾಣ, ರೈಲು ನಿಲ್ದಾಣ, ಗುಡಿಯ ಜಗಲಿಗಳಲ್ಲಿ ಹುಡುಕಿ ಎಣಿಸಿದರು. ಇಷ್ಟೆಲ್ಲ ಮಾಡಿಯೂ, ಆಮೇಲೆ ನಡೆದ ಪರಿಶೀಲನಾ ಸಮೀಕ್ಷೆಯಲ್ಲಿ ಸಾವಿರಕ್ಕೆ 23 ಜನ ಲೆಕ್ಕಕ್ಕೆ ಸಿಗದೆ ಹೋಗಿದ್ದಾರೆಂದು ತಿಳಿಯಿತು. 121 ಕೋಟಿಯ ದೇಶದಲ್ಲಿ ಅದು ಎರಡೂಮುಕ್ಕಾಲು ಕೋಟಿ, ಅರ್ಧ ಕರ್ನಾಟಕಕ್ಕೆ ಸ್ವಲ್ಪ ಕಡಿಮೆ.

ಹೀಗಿದ್ದ ಮೇಲೆ ಸಾವಿರಕ್ಕೆ ಎಂಟು ಎಂಬ ಲೆಕ್ಕವನ್ನೇ ಕೈಬಿಡಬಹುದಲ್ಲ? ಬಿಡಲಾಗದು. ಈ ಒರಟು ಲೆಕ್ಕ ನೆಟ್ಟಗೆ ನಿಂತಿರುವಾಗ ಏನನ್ನೂ ಹೇಳುವುದಿಲ್ಲ ನಿಜ, ಕುಸಿದಾಗ ಹೇಳುತ್ತದೆ.

1871ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಖಾನೇಶುಮಾರಿ ನಡೆದಾಗ 50 ಲಕ್ಷ 55 ಸಾವಿರ ಜನ ಲೆಕ್ಕಕ್ಕೆ ಬಂದರು. 1881ರ ಫೆಬ್ರವರಿ 17ರಂದು ಮತ್ತೆ ಎಣಿಸಿದಾಗ ಸಿಕ್ಕವರು 41 ಲಕ್ಷ 86 ಸಾವಿರ. ಎಂಟು ಲಕ್ಷ ಎಪ್ಪತ್ತು ಸಾವಿರದಷ್ಟು ಜನ ಇಲ್ಲ. ನಡುವೆ ಬಂದುಹೋದದ್ದು ಧಾತು, ಈಶ್ವರ ಸಂವತ್ಸರಗಳ ಬರ. 1875ರಲ್ಲಿ ಮಳೆ ಕಡಿಮೆಯಾಯಿತು, 1876ರಲ್ಲಿ ಕೈಕೊಟ್ಟಿತು, ಹಗೇವಿನ ರಾಗಿ ತೀರಿತು, ದನ ಸತ್ತವು. ಹಸಿದವರ ಹಿಂದೆಯೇ ಕಾಲರಾ, ಸಿಡುಬು, ಜ್ವರಗಳು ಬಂದವು. ಬೆಂಗಳೂರು ಮೈಸೂರು ರೈಲುದಾರಿಯ ಮಣ್ಣನ್ನು ಬರಪರಿಹಾರದ ಕೂಲಿಗಳು ಹೊತ್ತರು. ಆ ಗಣತಿಯಾದ ಮರುತಿಂಗಳು, 1881ರ ಮಾರ್ಚ್ 25ರಂದು, ಬ್ರಿಟಿಷರು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂತಿರುಗಿಸಿದರು. ಹಿಂತಿರುಗಿಸಿದ್ದು ಐದನೆಯ ಒಂದು ಪಾಲಿಗೆ ಹತ್ತಿರದಷ್ಟು ಜನ ಕಳೆದುಹೋಗಿದ್ದ ರಾಜ್ಯವನ್ನು. 1891ರಲ್ಲಿ ಎಣಿಸಿದಾಗಲೂ 49 ಲಕ್ಷ 43 ಸಾವಿರ, ಇಪ್ಪತ್ತು ವರ್ಷದ ಹಿಂದಿನ ಮಟ್ಟಕ್ಕೆ ಇನ್ನೂ ಮುಟ್ಟಿರಲಿಲ್ಲ. ಹುಟ್ಟದೆ ಹೋದ, ಹುಟ್ಟಿಯೂ ಉಳಿಯದ ಮಕ್ಕಳ ಕೊರತೆ ಮುಂದಿನ ಗಣತಿಗಳ ವಯಸ್ಸಿನ ಪಟ್ಟಿಗಳಲ್ಲಿ ಒಂದು ಹಳ್ಳವಾಗಿ ಸಾಗುತ್ತ ಹೋಯಿತು: ಮೊದಲು ಬಾಲಕರಲ್ಲಿ, ಆಮೇಲೆ ಮದುವೆಯ ವಯಸ್ಸಿನವರಲ್ಲಿ.

ಆ ಹತ್ತು ವರ್ಷಗಳಲ್ಲಿ ಲೋಕದ ಜನಸಂಖ್ಯೆ ಏರಿತು. ಗ್ರಾಫಿನ ಗೆರೆಯಲ್ಲಿ ಒಂದು ನಡುಕವೂ ಕಾಣುವುದಿಲ್ಲ. ಲೋಕದ ಸಾವಿರ ಜನರಲ್ಲಿ ನಾಲ್ಕಕ್ಕೆ ಹತ್ತಿರವಿದ್ದ ಮೈಸೂರಿನ ಪಾಲು ಮೂರಕ್ಕೆ ಇಳಿದದ್ದು ಲೋಕಕ್ಕೆ ತಿಳಿಯಲೇ ಇಲ್ಲ. ಆದರೆ ಆ ಬರ ಮೈಸೂರಿನದು ಮಾತ್ರ ಆಗಿರಲಿಲ್ಲ. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲಿ ಮಳೆ ಬೀಳದೆ ಲಕ್ಷಾಂತರ ಅಲ್ಲ, ಕೋಟಿಯ ಹತ್ತಿರ ಜನ ಸತ್ತರು. ಬ್ರೆಜಿಲಿನ ಸಿಯರಾ ಪ್ರಾಂತ್ಯ ಬರಿದಾಯಿತು. ಪೆಸಿಫಿಕ್ ಸಾಗರದ ನೀರು ಬಿಸಿಯಾದ ಎಲ್ ನಿನೊ ವರ್ಷ ಅದು ಎಂದು ಆಮೇಲಿನವರು ಕಂಡುಕೊಂಡರು. ಚಿತ್ರದುರ್ಗದ ಹೊಲದಲ್ಲಿ ಒಣಗಿದ ಪೈರಿಗೂ ಸಿಯರಾದಲ್ಲಿ ಸತ್ತ ದನಕ್ಕೂ ಒಂದೇ ಸಾಗರ ಕಾರಣವಾಗಿತ್ತು. ಇದನ್ನು ಮಳೆಯ ದಾಖಲೆಗಳು ಹೇಳುತ್ತವೆ. ಒಟ್ಟು ಮೊತ್ತದ ಸಂಖ್ಯೆ ಹೇಳುವುದಿಲ್ಲ, ಅಲ್ಲಿ ಒಬ್ಬರ ಸಾವನ್ನು ಇನ್ನೊಬ್ಬರ ಜನನ ಮುಚ್ಚಿಹಾಕುತ್ತದೆ. ನಾಡಿಗೂ ಲೋಕಕ್ಕೂ ಇರುವ ನಿಜವಾದ ನಂಟು ಸಾಮಾನ್ಯವಾಗಿ ಭಾಗಾಕಾರದ ಹೊರಗೇ ಉಳಿಯುತ್ತದೆ ಎಂದು ನನಗೆ ಅನ್ನಿಸತೊಡಗಿದ್ದು ಈ ಬರದ ಲೆಕ್ಕಗಳಿಂದ.

ಆಮೇಲೆ ಪ್ಲೇಗು ಬಂತು. 1891ರಲ್ಲಿ ದಂಡೂ ಪೇಟೆಯೂ ಸೇರಿ 1 ಲಕ್ಷ 80 ಸಾವಿರ ಇದ್ದ ಬೆಂಗಳೂರು 1901ರಲ್ಲಿ 1 ಲಕ್ಷ 59 ಸಾವಿರಕ್ಕೆ ಇಳಿಯಿತು. ಇಲಿ ಬಿದ್ದ ಊರನ್ನು ಬಿಟ್ಟು ಜನ ಹೊಲಗಳಲ್ಲಿ ಜೋಪಡಿ ಹಾಕಿಕೊಂಡರು, ಮಾರಮ್ಮನಿಗೆ ಪ್ಲೇಗಿನ ಹೆಸರು ಸೇರಿಸಿ ಗುಡಿ ಕಟ್ಟಿದರು. 1918ರಲ್ಲಿ ಇನ್‌ಫ್ಲುಯೆಂಜಾ. ಇಂದಿನ ಕರ್ನಾಟಕದ ನೆಲದಲ್ಲಿ 1911ರಲ್ಲಿ 1 ಕೋಟಿ 35 ಲಕ್ಷ ಇದ್ದವರು 1921ರಲ್ಲಿ 1 ಕೋಟಿ 34 ಲಕ್ಷಕ್ಕೆ ಬಂದರು. ನಮ್ಮ ಪಾಲು ಸಾವಿರಕ್ಕೆ ಏಳರ ಹತ್ತಿರಕ್ಕೆ ಕುಸಿಯಿತು. ಆ ದಶಕದಲ್ಲಿ ಹುಟ್ಟಿದ ಭಾರತೀಯನ ಸರಾಸರಿ ಆಯುಷ್ಯ ಇಪ್ಪತ್ತು ವರ್ಷದ ಆಸುಪಾಸು ಎಂದು ಜನಸಂಖ್ಯಾ ತಜ್ಞ ಕಿಂಗ್ಸ್‌ಲಿ ಡೇವಿಸ್ ಲೆಕ್ಕ ಹಾಕಿದ್ದಾರೆ.

ಆ ಮೊದಲ ಎಂಟರ ಗುಟ್ಟು ಇಲ್ಲಿದೆ. 1901ರ ಎಂಟು ಮತ್ತು 1991ರ ಎಂಟು ಕಾಗದದ ಮೇಲೆ ಒಂದೇ, ಬದುಕಿನಲ್ಲಿ ಬೇರೆ ಬೇರೆ. ಮೊದಲನೆಯದರ ಹಿಂದೆ ಎಂಟು ಹೆತ್ತು ಮೂರನ್ನು ಉಳಿಸಿಕೊಂಡ ತಾಯಂದಿರಿದ್ದಾರೆ. ಎರಡನೆಯದರ ಹಿಂದೆ ಮೂರು ಹೆತ್ತು ಮೂರನ್ನೂ ಶಾಲೆಗೆ ಕಳಿಸಿದವರು. ಡಿಡಿಟಿ, ಸಿಡುಬಿನ ಚುಚ್ಚುಮದ್ದು, ಪಡಿತರದ ಅಕ್ಕಿ, ಕೊಳವೆಬಾವಿಯ ನೀರು, ಹೆರಿಗೆ ಆಸ್ಪತ್ರೆಯ ನರ್ಸಮ್ಮ, ಇಷ್ಟೂ ಆ ಎರಡು ಎಂಟುಗಳ ನಡುವೆ ಇವೆ. ಸಂಖ್ಯೆ ಬದಲಾಗದೆ ಉಳಿಯಿತು ಎಂದು ಸಮಾಧಾನ ಪಡುವವನು ಇದನ್ನೆಲ್ಲ ಕಾಣದೆ ಮುಂದೆ ಹೋಗುತ್ತಾನೆ.

ಲೋಕವೇ ನಮ್ಮ ನಾಡಿನ ಕಡೆಗೆ ತಿರುಗಿ ನೋಡಿದ ಒಂದು ಪ್ರಸಂಗವೂ ಇದೆ, ನಮ್ಮವರಿಗೆ ಅಷ್ಟಾಗಿ ನೆನಪಿಲ್ಲದ್ದು. ಮೈಸೂರು ಸರ್ಕಾರ 1930ರಲ್ಲೇ ಬೆಂಗಳೂರು, ಮೈಸೂರುಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳಿಗೆ ಒಪ್ಪಿಗೆ ಕೊಟ್ಟಿತ್ತು; ಸರ್ಕಾರವೇ ಇಂಥದ್ದನ್ನು ತೆರೆದದ್ದು ಲೋಕದಲ್ಲಿ ಅದೇ ಮೊದಲು ಎನ್ನುತ್ತಾರೆ. ಇಪ್ಪತ್ತು ವರ್ಷಗಳ ಬಳಿಕ ವಿಶ್ವಸಂಸ್ಥೆಗೆ ಒಂದು ಪ್ರಶ್ನೆ ಎದುರಾಯಿತು. ಬಡ ದೇಶಗಳಲ್ಲಿ ಸಾವು ಇಳಿಯುತ್ತಿದೆ, ಹುಟ್ಟು ಇಳಿದಿಲ್ಲ, ಮುಂದೇನು? ಉತ್ತರ ಹುಡುಕಲು ಭಾರತ ಸರ್ಕಾರದ ಜೊತೆ ಸೇರಿ ಅದು ಆರಿಸಿಕೊಂಡದ್ದು ಮೈಸೂರು ರಾಜ್ಯವನ್ನು. 1951 ಮತ್ತು 52ರಲ್ಲಿ ಬೆಂಗಳೂರು ನಗರದಲ್ಲಿ, ಬಯಲುಸೀಮೆಯ ಹಳ್ಳಿಗಳಲ್ಲಿ, ಗುಡ್ಡಗಾಡಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಮದುವೆ, ಹೆರಿಗೆ, ಸಾವು, ಜಮೀನು, ಓದು ಎಲ್ಲವನ್ನೂ ಕೇಳಿದರು. ಸಿ. ಚಂದ್ರಶೇಖರನ್ ಮುಂದೆ ನಿಂತು ನಡೆಸಿದ ಈ ಸಮೀಕ್ಷೆಯ ವರದಿ ಮೈಸೂರು ಜನಸಂಖ್ಯಾ ಅಧ್ಯಯನ ಎಂಬ ಹೆಸರಿನಲ್ಲಿ 1961ರಲ್ಲಿ ನ್ಯೂಯಾರ್ಕಿನಿಂದ ಹೊರಬಂತು. ಪೇಟೆಯವರಿಗೂ ಹಳ್ಳಿಯವರಿಗೂ ಮಕ್ಕಳ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅದರಲ್ಲಿ ಕಾಣಲಿಲ್ಲ. ಪೇಟೆ ಬೆಳೆದರೆ ಕುಟುಂಬ ತಾನಾಗಿ ಚಿಕ್ಕದಾಗುತ್ತದೆ ಎಂಬ ಯೂರೋಪಿನ ಅನುಭವ ಇಲ್ಲಿ ಅಷ್ಟು ಸಲೀಸಾಗಿ ಕೂಡಿಬರಲಿಲ್ಲ.

ಅದೇ ಹೊತ್ತಿಗೆ ರಾಮನಗರದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರಿಗೆ ಔಷಧ, ಸಾಧನಗಳ ಬಳಕೆ ಒಪ್ಪಿಗೆಯಿರಲಿಲ್ಲ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಬಂದ ಡಾ. ಏಬ್ರಹಾಂ ಸ್ಟೋನ್, ತಿಂಗಳ ಕೆಲವು ದಿನ ದೂರವಿರುವ ಪದ್ಧತಿಯನ್ನು ದೆಹಲಿಯ ಲೋದಿ ಕಾಲೊನಿಯಲ್ಲೂ ರಾಮನಗರದಲ್ಲೂ ಕಲಿಸುವ ಏರ್ಪಾಡು ಮಾಡಿದರು. ಅಕ್ಷರ ಬಾರದ ಹೆಂಗಸರಿಗೆ ದಿನ ಲೆಕ್ಕ ಹಾಕಲು ಬಣ್ಣಬಣ್ಣದ ಮಣಿಗಳ ಸರ ಕೊಟ್ಟರು, ದಿನಕ್ಕೊಂದು ಮಣಿ ಸರಿಸಬೇಕು. ಕಲಿಯುತ್ತೇವೆ ಎಂದವರು ಬಹಳ. ಬಿಡದೆ ಪಾಲಿಸಿದವರು ಕೆಲವೇ ದಂಪತಿಗಳು. ಮಣಿಯನ್ನು ಸರಿಸಿದರೆ ಸಾಕು, ಗರ್ಭ ನಿಲ್ಲುವುದಿಲ್ಲ ಎಂದುಕೊಂಡವರ ಕಥೆಗಳು ಹಬ್ಬಿದವು. ಹೊರಗಿನ ಪುಸ್ತಕಗಳಲ್ಲಿ ಈ ಕಥೆಯನ್ನು ನಗುತ್ತ ಹೇಳುವುದುಂಟು. ನನಗೆ ಅದರಲ್ಲಿ ನಗುವಂಥದ್ದು ಕಾಣುವುದಿಲ್ಲ. ರೇಷ್ಮೆಗೂಡಿನ ಆ ಪುಟ್ಟ ಊರಿನ ಹೆಂಗಸಿನ ಕೈಗೆ ಲೋಕದ ಜನಸಂಖ್ಯೆಯ ಚಿಂತೆಯನ್ನು ಮಣಿಸರದ ರೂಪದಲ್ಲಿ ಕೊಟ್ಟಿದ್ದರು. ಆಕೆಯ ಎದುರು ಇದ್ದದ್ದು ಆ ಚಿಂತೆಯಲ್ಲ. ಗಂಡ ಒಪ್ಪುತ್ತಾನೋ ಇಲ್ಲವೋ, ಅತ್ತೆ ಏನನ್ನುತ್ತಾಳೆ, ಕಳೆದ ವರ್ಷ ತೀರಿಕೊಂಡ ಮಗುವಿನ ಜಾಗಕ್ಕೆ ಇನ್ನೊಂದು ಬೇಡವೇ ಎಂಬುದು. ಲೋಕದ ಮೊತ್ತ ಇಳಿಯಬೇಕಾದದ್ದು ಅಂಥ ಮಾತುಗಳ ದಾರಿಯಲ್ಲೇ.

ಕೊನೆಗೆ ಇಳಿದದ್ದೂ ಹಾಗೆಯೇ, ತಡವಾಗಿ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದ ಮಟ್ಟದಲ್ಲಿ ಉಳಿಯಲು ಬೇಕಾದದ್ದು 2.1, ಲೋಕದ ಸರಾಸರಿ ಆಗ 2.3. ಲೋಕಕ್ಕಿಂತ ನಾವು ಬೇಗ ನಿಧಾನವಾಗಿದ್ದೇವೆ. ನಮ್ಮ ಎಂಟೂವರೆ ಈಗಾಗಲೇ ಇಳಿಮುಖ.

ಛೇದವನ್ನು ಬದಲಿಸಿದರೆ ಇದೇ ಕಥೆ ಬೇರೆ ದನಿಯಲ್ಲಿ ಕೇಳುತ್ತದೆ. ಲೋಕದಲ್ಲಿ ನಮ್ಮ ಪಾಲು 1971ರಿಂದ 2011ಕ್ಕೆ ಏರಿತು. ಅದೇ ಅವಧಿಯಲ್ಲಿ ಭಾರತದಲ್ಲಿ ನಮ್ಮ ಪಾಲು ನೂರಕ್ಕೆ 5.35ರಿಂದ 5.05ಕ್ಕೆ ಇಳಿಯಿತು. ಒಂದೇ ಜನ, ಒಂದೇ ಊರುಗಳು. ಲೋಕದ ಪಾಲು ಏರಿದರೂ ಇಳಿದರೂ ಯಾರಿಗೂ ಏನೂ ಆಗುವುದಿಲ್ಲ. ದೇಶದ ಪಾಲು ಹಾಗಲ್ಲ. ಲೋಕಸಭೆಯ 28 ಸ್ಥಾನಗಳು ಈಗಲೂ 1971ರ ಗಣತಿಗೆ ಕಟ್ಟುಬಿದ್ದಿವೆ, ತೆರಿಗೆ ಹಂಚಿಕೆಯ ಸೂತ್ರದಲ್ಲಿ 2011ರ ಜನಸಂಖ್ಯೆಯೂ ಒಂದು ಅಂಶ. ಹದಿನೈದನೆಯ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ನೂರಕ್ಕೆ 4.71ರಿಂದ 3.65ಕ್ಕೆ ಇಳಿಸಿದ್ದಕ್ಕೆ ತಲಾದಾಯವೂ ಸೇರಿ ಬೇರೆ ಕಾರಣಗಳಿದ್ದವು, ಆದರೂ ಹೆರಿಗೆ ಕೋಣೆಯಲ್ಲಿ ಹಿಡಿತ ತೋರಿಸಿದ್ದಕ್ಕೆ ಖಜಾನೆಯಲ್ಲಿ ದಂಡ ಎಂಬ ಮಾತು ಎದ್ದಿತು. ಆ ಜಗಳ ಮುಂದೆಯೂ ಇದೆ. ಇನ್ನೂ ಒಳಗೆ ಹೋದರೆ, 2001 ಮತ್ತು 2011ರ ನಡುವೆ ಬೆಂಗಳೂರು ಜಿಲ್ಲೆ ನೂರಕ್ಕೆ ನಲವತ್ತೇಳರಷ್ಟು ಬೆಳೆದಾಗ ಚಿಕ್ಕಮಗಳೂರು ಜಿಲ್ಲೆಯಲ್ಲಿ ಮೂರು ಸಾವಿರದಷ್ಟು ಜನ ಕಡಿಮೆಯಾದರು. ಕಾಫಿ ಸೀಮೆಯ ಎಷ್ಟೋ ದೊಡ್ಡ ಮನೆಗಳಲ್ಲಿ ಈಗ ಇಬ್ಬರು ಮುದುಕರು ಮಾತ್ರ. ಆ ಮನೆಯ ಮಕ್ಕಳು ಯಾವ ಎಂಟರಲ್ಲಿ ಇದ್ದಾರೆ, ಬೆಂಗಳೂರಿನದರಲ್ಲೋ, ಟೆಕ್ಸಾಸಿನದರಲ್ಲೋ?

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಜನಸಂಖ್ಯೆಯ ಮುನ್ನೋಟ ಬದಲಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಈ ಶತಮಾನದ ಕೊನೆಗೆ ಲೋಕ 1,090 ಕೋಟಿ ಮುಟ್ಟುತ್ತದೆಂದು 2019ರಲ್ಲಿ ವಿಶ್ವಸಂಸ್ಥೆ ಹೇಳಿತ್ತು. 2024ರ ಆವೃತ್ತಿಯಲ್ಲಿ ಅದು 2080ರ ದಶಕದಲ್ಲೇ 1,030 ಕೋಟಿಯ ಶಿಖರ ಮುಟ್ಟಿ ಇಳಿಯುತ್ತದೆ. ಆದರೆ ಪ್ರತಿ ಆವೃತ್ತಿಯಲ್ಲಿ ಹಿಂದಿನದೂ ಬದಲಾಗುತ್ತದೆ. ಹೊಸ ಗಣತಿ, ಹೊಸ ಸಮೀಕ್ಷೆ ಬಂದಂತೆ 1950ರಿಂದ ಈಚಿನ ಎಲ್ಲ ವರ್ಷಗಳ ಮೊತ್ತವನ್ನೂ ಮತ್ತೆ ಕಟ್ಟುತ್ತಾರೆ. ಸತ್ತವರ ಸಂಖ್ಯೆ, ಹುಟ್ಟಿದವರ ಸಂಖ್ಯೆ ನಡೆದುಹೋದ ಮೇಲೂ ಅಲ್ಲಾಡುತ್ತವೆ. ನಮ್ಮ ತಾತ ಮುತ್ತಾತಂದಿರು ಲೋಕದ ಎಷ್ಟನೆಯ ಪಾಲು ಎಂಬುದು ಅವರು ಮಣ್ಣಾದ ಎಷ್ಟೋ ವರ್ಷಗಳ ಮೇಲೂ ತಿದ್ದುಪಡಿಯಾಗುತ್ತ ಇರುತ್ತದೆ. ಇದಕ್ಕೆ ನಗಬೇಕೋ ಕೈ ಮುಗಿಯಬೇಕೋ ತಿಳಿಯದು. ಆದರೆ ಒಬ್ಬ ಮನುಷ್ಯ ಇದ್ದ ಎಂಬುದು ಖಚಿತವಾಗಿದ್ದು, ಅವನು ಎಷ್ಟರಲ್ಲಿ ಒಬ್ಬ ಎಂಬುದು ಮಾತ್ರ ಎಂದೂ ತೀರ್ಮಾನವಾಗದೆ ಉಳಿಯುವುದರಲ್ಲಿ ಒಂದು ನ್ಯಾಯವಿದೆ ಎನ್ನಿಸುತ್ತದೆ.

ಭಾರತದ ಮುಂದಿನ ಗಣತಿ 2021ರಲ್ಲಿ ಆಗಬೇಕಿತ್ತು, ಕೋವಿಡ್ಡಿನಿಂದ ತಪ್ಪಿತು. ಈಗ ಅದರ ದಿನಾಂಕ 2027ರ ಮಾರ್ಚ್ 1 ಎಂದು ನಿಗದಿಯಾಗಿದೆ. ಈ ಬಾರಿ ಕಾಗದದ ಬದಲು ಮೊಬೈಲ್, ಬೇಕಾದವರು ತಮ್ಮ ವಿವರವನ್ನು ತಾವೇ ತುಂಬಬಹುದು, ಜಾತಿಯನ್ನೂ ಕೇಳುತ್ತಾರೆ. 2023ರ ಏಪ್ರಿಲಿನಲ್ಲಿ ಭಾರತ ಚೀನಾವನ್ನು ಹಿಂದಿಕ್ಕಿತು ಎಂದು ವಿಶ್ವಸಂಸ್ಥೆ ಹೇಳಿದ್ದು, 2022ರ ನವೆಂಬರ್ 15ರಂದು ಮನುಷ್ಯರು 800 ಕೋಟಿಯಾದರು ಎಂದು ಸಾರಿದ್ದು, ಇವೆರಡೂ ಆರರಲ್ಲೊಬ್ಬ ಮನುಷ್ಯ ಇರುವ ದೇಶದಲ್ಲಿ ಹತ್ತು ವರ್ಷ ಯಾರೂ ಬಾಗಿಲು ತಟ್ಟದೆ ಇದ್ದಾಗ ಆದ ಲೆಕ್ಕಗಳು. 2027ರ ಉತ್ತರಗಳು ಬಂದ ಮೇಲೆ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿ ತನ್ನ ಪಟ್ಟಿಯನ್ನು ಇನ್ನೊಮ್ಮೆ ತೆರೆಯುತ್ತದೆ. ಹಬ್ಬದಂತೆ ಆಚರಿಸಿದ ಆ ನವೆಂಬರ್ 15 ಆಗ ಕೆಲವು ವಾರವೋ ತಿಂಗಳೋ ಹಿಂದಕ್ಕೆ ಅಥವಾ ಮುಂದಕ್ಕೆ ಸರಿಯಬಹುದು. ಎಷ್ಟು ಸರಿಯಬೇಕೆಂಬುದರಲ್ಲಿ ರಾಯಚೂರಿನ ಯಾವುದೋ ತಾಂಡಾದಿಂದ ಗುಳೆ ಹೋದವರು ಗಣತಿಯ ದಿನ ಊರಿನಲ್ಲಿ ಸಿಕ್ಕರೇ, ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಸಿಕ್ಕರೇ, ಎರಡೂ ಕಡೆ ತಪ್ಪಿಹೋದರೇ ಎಂಬುದೂ ಸೇರಿರುತ್ತದೆ.